ಒಣಗಿದರೂ ಅಳಿಯದ ವಿಷ

ಜುಲೈ ತಿಂಗಳ ಇಂಗ್ಲೆಂಡಿನಲ್ಲಿ ಕುದುರೆಗಳನ್ನು ಮೇಯಲು ಬಿಟ್ಟ ಬಯಲನ್ನು ನೋಡಿದರೆ ಒಂದು ಸಂಗತಿ ತಟ್ಟನೆ ಕಣ್ಣಿಗೆ ಬೀಳುತ್ತದೆ. ಹುಲ್ಲನ್ನೆಲ್ಲ ನೆಲಮಟ್ಟಕ್ಕೆ ಮೇದು ಮುಗಿಸಿರುತ್ತವೆ. ಆದರೆ ಅಲ್ಲಲ್ಲಿ ಸೊಂಟದೆತ್ತರಕ್ಕೆ ಬೆಳೆದು, ತುದಿಯಲ್ಲಿ ಹಳದಿ ಹೂಗಳ ಗೊಂಚಲು ಹೊತ್ತ ಗಿಡಗಳು ಒಂದೆಲೆಯೂ ಹರಿಯದೆ ನಿಂತಿರುತ್ತವೆ. ಇದು ರ‍್ಯಾಗ್‌ವರ್ಟ್. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ ಗಿಡ. ಸಸ್ಯಶಾಸ್ತ್ರಜ್ಞರ ಜಾಕೋಬಿಯಾ ವಲ್ಗ್ಯಾರಿಸ್. ಎಲೆ ಕಹಿ. ಹಸಿವಿನಿಂದ ಕಂಗೆಡದ ಹೊರತು ದನವಾಗಲಿ ಕುದುರೆಯಾಗಲಿ ಅದಕ್ಕೆ ಬಾಯಿ ಹಾಕುವುದಿಲ್ಲ.

ಅದೇ ಬಯಲಿನ ಹುಲ್ಲನ್ನು ಈ ಗಿಡದ ಸಮೇತ ಕೊಯ್ದು, ಒಣಗಿಸಿ, ಚಳಿಗಾಲದಲ್ಲಿ ಲಾಯದ ಮುಂದೆ ಹಾಕಿ. ಬೇಸಿಗೆಯಿಡೀ ಮುಖ ತಿರುಗಿಸಿದ್ದ ಕುದುರೆ ಈಗ ಅದನ್ನು ಹುಲ್ಲಿನ ಜೊತೆಗೇ ತಿಂದುಬಿಡುತ್ತದೆ. ಒಣಗಿದಾಗ ಗಿಡದ ಕಹಿ ಹೋಗುತ್ತದೆ, ವಿಷ ಹೋಗುವುದಿಲ್ಲ. ಬಯಲಿನಲ್ಲಿ ಪ್ರಾಣಿಗೆ ಆಯ್ಕೆ ಇತ್ತು. ಮೂಸಿ ನೋಡಿ ಬಿಡುವ ಬುದ್ಧಿ ಅದರ ಮೂಗು ನಾಲಿಗೆಗಳಲ್ಲೇ ಇತ್ತು. ಹುಲ್ಲನ್ನು ಒಣಗಿಸುವ ಮನುಷ್ಯ ಆ ಆಯ್ಕೆಯನ್ನು ಅದರಿಂದ ಕಿತ್ತುಕೊಳ್ಳುತ್ತಾನೆ. ಕಿತ್ತುಕೊಂಡ ಮೇಲೆ ಆರಿಸುವ ಕೆಲಸವೂ ಅವನದೇ. ಹುಲ್ಲು ಕೊಯ್ಯುವ ಮೊದಲು ವಿಷದ ಕಳೆ ಕೀಳುವುದು ಯೂರೋಪಿನ ರೈತನಿಗೆ ಯಾಕೆ ಅಷ್ಟು ಮುಖ್ಯ ಎಂಬುದರ ಮೂಲ ಇಲ್ಲಿದೆ.

ನಮ್ಮಲ್ಲಿ ಒಣಮೇವು ಎಂದರೆ ಹೆಚ್ಚಾಗಿ ಬೆಳೆಯ ಉಳಿಕೆ: ಭತ್ತದ ಹುಲ್ಲು, ರಾಗಿ ಹುಲ್ಲು, ಜೋಳದ ಕಣಿಕೆ. ಕಾಳು ಮನೆಗೆ ಬಂದ ಮೇಲೆ ಉಳಿದದ್ದು ಬಣವೆಗೆ. ಇಂಗ್ಲೆಂಡಿನಲ್ಲಿ ಒಣಹುಲ್ಲೇ ಒಂದು ಬೆಳೆ. ಅದಕ್ಕೆಂದೇ ಬಿಟ್ಟ ಹುಲ್ಲುಗಾವಲಿನಲ್ಲಿ ಹತ್ತಾರು ಜಾತಿಯ ಹುಲ್ಲು, ಕ್ಲೋವರ್, ಕಾಡುಹೂಗಳು ಒಟ್ಟಿಗೆ ಬೆಳೆಯುತ್ತವೆ. ಮಲೆನಾಡಿನ ಬೇಣಗಳಲ್ಲಿ ಕರಡ ಕೊಯ್ಯುವವರಿಗೆ ಇದರ ಕಲ್ಪನೆ ಸುಲಭವಾಗಿ ಬಂದೀತು. ಹುಲ್ಲು ಹೂಬಿಟ್ಟು, ಬೀಜ ಬಲಿಯುವ ಮೊದಲು, ಅಂದರೆ ಜೂನ್ ಜುಲೈಗಳಲ್ಲಿ ಕೊಯ್ಲು. ಕೊಯ್ದ ಮೇಲೆ ಮೂರ್ನಾಲ್ಕು ದಿನ ಮಳೆ ಬರಕೂಡದು. ಹುಲ್ಲನ್ನು ಮಗುಚಿ ಮಗುಚಿ ಒಣಗಿಸಿ, ತೇವಾಂಶ ಐದರಲ್ಲೊಂದು ಪಾಲಿಗಿಂತ ಕೆಳಗಿಳಿದ ಮೇಲೆಯೇ ಕಟ್ಟಬೇಕು. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಒಳಗೊಳಗೇ ಕಾವು ಏರಿ ಮೆದೆಗೆ ತಾನೇ ಬೆಂಕಿ ಹತ್ತಿಕೊಳ್ಳುವುದೂ ಉಂಟು. ಮೋಡ ಮುಸುಕಿದ ಆ ದೇಶದಲ್ಲಿ ನಾಲ್ಕು ದಿನದ ಬಿಸಿಲು ಸಿಗುತ್ತದೆಂದು ಹವಾಮಾನ ವರದಿ ಹೇಳಿದ್ದೇ ತಡ, ಊರಿನ ಯಂತ್ರಗಳೆಲ್ಲ ಬಯಲಿಗಿಳಿಯುತ್ತವೆ. ಆಗ ಕಳೆ ಹುಡುಕಲು ಪುರುಸೊತ್ತು ಇರುವುದಿಲ್ಲ. ಕಳೆಯ ಕೆಲಸ ಅದಕ್ಕೆ ಎಷ್ಟೋ ವಾರ ಮೊದಲೇ ಮುಗಿದಿರಬೇಕು.

ರ‍್ಯಾಗ್‌ವರ್ಟ್‌ನ ಬದುಕು ಸಾಮಾನ್ಯವಾಗಿ ಎರಡು ವರ್ಷದ್ದು. ಮೊದಲ ವರ್ಷ ನೆಲಕ್ಕೆ ಅಂಟಿಕೊಂಡ ಎಲೆಗಳ ಒಂದು ಸುತ್ತು, ಅಷ್ಟೇ. ಹುಲ್ಲಿನ ಬುಡದಲ್ಲಿ ಅಡಗಿರುವ ಅದು ಗೊತ್ತಿದ್ದವರ ಕಣ್ಣಿಗೆ ಮಾತ್ರ ಬೀಳುತ್ತದೆ. ಎರಡನೆಯ ವರ್ಷ ಕಾಂಡ ಎದ್ದು, ಜೂನ್ ಕೊನೆಯಿಂದ ಶರತ್ಕಾಲದವರೆಗೆ ಹೂ ಬಿಟ್ಟು, ಬೀಜ ಉದುರಿಸಿ ಗಿಡ ಸಾಯುತ್ತದೆ. ಒಂದು ದೊಡ್ಡ ಗಿಡ 50,000ದಿಂದ 1,50,000 ಬೀಜ ಕೊಡಬಲ್ಲದು. ಬೀಜಕ್ಕೆ ಗಾಳಿಯಲ್ಲಿ ತೇಲುವ ನಯವಾದ ಕುಚ್ಚಿದೆ. ಹಾಗೆಂದು ಎಲ್ಲವೂ ಮೈಲಿಗಟ್ಟಲೆ ಹಾರುತ್ತವೆಂದುಕೊಂಡರೆ ತಪ್ಪು. ಬಹುಪಾಲು ಬೀಜ ತಾಯಿಗಿಡದಿಂದ ಕೆಲವೇ ಮೀಟರ್‌ಗಳೊಳಗೆ ಬೀಳುತ್ತದೆ. ಬಿದ್ದದ್ದು ಮಣ್ಣಿನಡಿ ಹೂತುಹೋದರೆ ಹತ್ತು ವರ್ಷ ದಾಟಿದರೂ ಜೀವ ಹಿಡಿದುಕೊಂಡಿರುತ್ತದೆ, ಬೆಳಕು ಕಂಡ ದಿನ ಮೊಳೆಯುತ್ತದೆ. ಇನ್ನೊಂದು ಗುಣವನ್ನು ಮರೆಯಬಾರದು. ಹೂ ಬಿಡುವ ಹೊತ್ತಿಗೆ ಕಾಂಡವನ್ನು ಕತ್ತರಿಸಿದರೆ ಗಿಡ ಸಾಯುವುದಿಲ್ಲ, ಬುಡದಿಂದ ನಾಲ್ಕಾರು ಕವಲೊಡೆದು ಮತ್ತೆ ಏಳುತ್ತದೆ. ಎರಡು ವರ್ಷಕ್ಕೆ ಮುಗಿಯಬೇಕಿದ್ದ ಗಿಡ ಬಹುವಾರ್ಷಿಕವಾಗುತ್ತದೆ. ಕುಡುಗೋಲು ಬೀಸಿ ಬಯಲು ಚೊಕ್ಕಟವಾಯಿತೆಂದು ಸಮಾಧಾನಪಟ್ಟವನು ಮುಂದಿನ ವರ್ಷ ಮೊದಲಿಗಿಂತ ದಟ್ಟವಾದ ಹಳದಿಯನ್ನು ಕಾಣುತ್ತಾನೆ.

ಈಗ ವಿಷದ ಮಾತು. ರ‍್ಯಾಗ್‌ವರ್ಟ್‌ನ ಬೇರು, ಎಲೆ, ಹೂ ಎಲ್ಲದರಲ್ಲೂ ಪಿರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ಗುಂಪಿನ ರಾಸಾಯನಿಕಗಳಿವೆ. ಸೆನೆಸಿಯೊನಿನ್, ಜಾಕೊಬಿನ್ ಮೊದಲಾದವು. ಕೀಟಗಳಿಂದ, ಮೇಯುವ ಪ್ರಾಣಿಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡ ಮಾಡಿಕೊಂಡ ಏರ್ಪಾಡು ಇದು. ವಿಚಿತ್ರವೆಂದರೆ, ಗಿಡದೊಳಗಿರುವ ರೂಪದಲ್ಲಿ ಈ ವಸ್ತು ಅಷ್ಟೇನೂ ಅಪಾಯಕಾರಿಯಲ್ಲ. ಅದನ್ನು ಕೊಲ್ಲುವ ವಿಷವನ್ನಾಗಿ ಮಾಡುವುದು ತಿಂದ ಪ್ರಾಣಿಯ ಸ್ವಂತ ಪಿತ್ತಜನಕಾಂಗ, ನಾವು ಲಿವರ್ ಎನ್ನುವ ಅಂಗ. ಹೊರಗಿನಿಂದ ಬಂದ ವಸ್ತುವನ್ನು ಕಂಡಾಗ ಅದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಹೊರಹಾಕುವುದು ಲಿವರಿನ ನಿತ್ಯದ ಕೆಲಸ. ಅದಕ್ಕೆ ಸೈಟೊಕ್ರೋಮ್ ಪಿ450 ಎಂಬ ಕಿಣ್ವಗಳ ದೊಡ್ಡ ಪಡೆಯೇ ಅಲ್ಲಿದೆ. ಈ ಆಲ್ಕಲಾಯ್ಡ್ ಬಂದಾಗಲೂ ಅವು ತಮ್ಮ ಕೆಲಸ ಶುರುಮಾಡುತ್ತವೆ. ಆದರೆ ಇಲ್ಲಿ ಹುಟ್ಟುವುದು ಪಿರೋಲ್ ಎಂಬ ಅತಿ ಚುರುಕಿನ ಅಣು. ಸಿಕ್ಕಿದ ಪ್ರೋಟೀನಿಗೆ, ಡಿಎನ್ಎಗೆ ಅದು ತಕ್ಷಣ ಅಂಟಿಕೊಳ್ಳುತ್ತದೆ. ಡಿಎನ್ಎಯ ಎಳೆಗಳು ಹೀಗೆ ಬೆಸೆದುಹೋದ ಕೋಶ ಬೆಳೆಯಬಲ್ಲದು, ಎರಡಾಗಿ ಒಡೆಯಲಾರದು. ರೋಗ ಬಡಿದ ಲಿವರಿನ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಇಂಥ ದೈತ್ಯ ಗಾತ್ರದ ಕೋಶಗಳೇ ಕಾಣುತ್ತವೆ. ಲಿವರ್ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುವ ಶಕ್ತಿಗೆ ಹೆಸರಾದ ಅಂಗ. ಈ ವಿಷ ಕಸಿಯುವುದು ಆ ಶಕ್ತಿಯನ್ನೇ. ಸತ್ತ ಕೋಶಗಳ ಜಾಗದಲ್ಲಿ ಹೊಸವು ಬರುವುದಿಲ್ಲ, ನಾರು ತುಂಬಿಕೊಳ್ಳುತ್ತದೆ.

ಹಾಗಾಗಿ ಇದು ಒಂದೇ ದಿನ ತಿಂದು ಸಾಯುವ ವಿಷವಲ್ಲ. ಇಂದು ಒಂದಿಷ್ಟು, ನಾಳೆ ಒಂದಿಷ್ಟು. ಪ್ರತಿ ತುತ್ತಿನ ಹಾನಿ ಹಿಂದಿನದರ ಮೇಲೆ ಕೂಡುತ್ತ ಹೋಗುತ್ತದೆ. ಲಿವರಿನ ಮುಕ್ಕಾಲು ಭಾಗದಷ್ಟು ಕೆಡುವವರೆಗೂ ಪ್ರಾಣಿ ಮೇಲ್ನೋಟಕ್ಕೆ ಚೆನ್ನಾಗಿಯೇ ಇರಬಹುದು. ತಿನ್ನುವುದು ನಿಂತು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕುದುರೆ ಸೊರಗತೊಡಗುತ್ತದೆ. ಬಿಳಿ ಚರ್ಮವಿರುವ ಮೂಗು, ಕಾಲುಗಳ ಭಾಗ ಬಿಸಿಲಿಗೆ ಸುಟ್ಟಂತೆ ಉರಿದು ಸುಲಿಯುತ್ತದೆ. ಹಸಿರೆಲೆಯ ಪತ್ರಹರಿತ್ತು ಕರುಳಿನಲ್ಲಿ ಒಡೆದಾಗ ಹುಟ್ಟುವ ಫಿಲೊಎರಿಥ್ರಿನ್ ಎಂಬ ವಸ್ತುವನ್ನು ಆರೋಗ್ಯವಂತ ಲಿವರ್ ಪಿತ್ತರಸದ ಮೂಲಕ ಹೊರಹಾಕುತ್ತದೆ. ಕೆಟ್ಟ ಲಿವರಿಗೆ ಅದು ಸಾಧ್ಯವಾಗದೆ ಆ ವಸ್ತು ರಕ್ತ ಸೇರಿ ಚರ್ಮಕ್ಕೆ ಬರುತ್ತದೆ. ಬಿಸಿಲು ಬಿದ್ದಾಗ ಅಲ್ಲಿ ಸುಡುತ್ತದೆ. ಕೊನೆಗೆ ರಕ್ತದಲ್ಲಿ ಅಮೋನಿಯಾ ಏರಿ ಮೆದುಳು ಮಂಕಾಗುತ್ತದೆ. ಪ್ರಾಣಿ ಗುರಿಯಿಲ್ಲದೆ ನಡೆಯುತ್ತಲೇ ಇರುತ್ತದೆ, ಗೋಡೆಗೆ ಹಣೆ ಒತ್ತಿ ನಿಲ್ಲುತ್ತದೆ. ಆ ಹಂತ ಮುಟ್ಟಿದ ಮೇಲೆ ಪಶುವೈದ್ಯರ ಕೈಯಲ್ಲಿ ಮದ್ದಿಲ್ಲ. ಕುದುರೆ, ದನ, ಹಂದಿಗಳಿಗೆ ಈ ವಿಷ ಬೇಗ ತಾಗುತ್ತದೆ. ಕುರಿ ಮೇಕೆಗಳು ಹೆಚ್ಚು ತಡೆದುಕೊಳ್ಳುತ್ತವೆ, ಆದರೆ ಅವಕ್ಕೂ ಪೂರ್ತಿ ರಕ್ಷಣೆಯಿಲ್ಲ.

ತಿಂದ ದಿನಕ್ಕೂ ಕಾಯಿಲೆಯ ದಿನಕ್ಕೂ ನಡುವೆ ಇಷ್ಟು ಅಂತರವಿದ್ದದ್ದರಿಂದಲೇ ಕಾರಣ ಗೊತ್ತಾಗಲು ಬಹಳ ಕಾಲ ಹಿಡಿಯಿತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕೆನಡಾದ ನೋವಾ ಸ್ಕೋಶಿಯಾದಲ್ಲಿ ದನಗಳು ಲಿವರ್ ಗಟ್ಟಿಯಾಗಿ ಸಾಯುತ್ತಿದ್ದವು. ಜನ ಅದನ್ನು ಪಿಕ್ಟೂ ಕಾಯಿಲೆ ಎಂದರು. ಅಂಟುರೋಗವೆಂದೇ ಅಧಿಕಾರಿಗಳೂ ನಂಬಿ ಕಾಯಿಲೆಯ ದನಗಳನ್ನು ಕೊಲ್ಲಿಸಿದರು. ನ್ಯೂಜಿಲೆಂಡಿನ ದಕ್ಷಿಣದಲ್ಲಿ ಕುದುರೆಗಳಿಗೆ ಬಂದದ್ದು ವಿಂಟನ್ ಕಾಯಿಲೆ. ಎರಡೂ ಕಡೆ ಯೂರೋಪಿನಿಂದ ವಲಸೆ ಬಂದವರ ಜೊತೆಗೇ ರ‍್ಯಾಗ್‌ವರ್ಟ್ ಕೂಡ ಬಂದು ನೆಲೆಯೂರಿತ್ತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ನ್ಯೂಜಿಲೆಂಡಿನ ಪಶುವೈದ್ಯ ಜಾನ್ ಗಿಲ್ರುತ್, ಕೆನಡಾದ ಪೆಥಿಕ್ ಮೊದಲಾದವರು ಈ ಗಿಡವನ್ನೇ ಪ್ರಾಣಿಗಳಿಗೆ ತಿನ್ನಿಸಿ ನೋಡಿ ಕಾಯಿಲೆಯ ಮೂಲ ಮೇವಿನಲ್ಲಿದೆ ಎಂದು ತೋರಿಸಿದರು. ಸೋಂಕಿನ ಹೆಸರಿನಲ್ಲಿ ಅಲ್ಲಿಯವರೆಗೆ ಕೊಂದ ದನಗಳನ್ನು ನೆನೆದರೆ ಸಂಕಟವಾಗುತ್ತದೆ. ಒಣಹುಲ್ಲಿನ ಮೆದೆಯನ್ನು ಯಾರಾದರೂ ಒಮ್ಮೆ ಬಿಡಿಸಿ ನೋಡಿದ್ದರೆ ಅವುಗಳಲ್ಲಿ ಎಷ್ಟೋ ಉಳಿಯುತ್ತಿದ್ದವು.

ಇದೇ ಗುಂಪಿನ ವಿಷ ಮನುಷ್ಯರನ್ನೂ ಬಿಟ್ಟಿಲ್ಲ, ಮತ್ತು ಅಲ್ಲೂ ಕಥೆ ಕಳೆಯದೇ. 1974ರಲ್ಲಿ ಅಫ್ಘಾನಿಸ್ತಾನದ ವಾಯವ್ಯ ಭಾಗದಲ್ಲಿ ಬರಗಾಲದ ನಂತರ ಗೋಧಿ ಹೊಲಗಳಲ್ಲಿ ಹೀಲಿಯೊಟ್ರೋಪಿಯಂ ಎಂಬ ಕಳೆ ಹಬ್ಬಿತು. ಅದರ ಬೀಜ ಬೆರೆತ ಹಿಟ್ಟಿನ ರೊಟ್ಟಿ ತಿಂದ ಹಳ್ಳಿಗಳಲ್ಲಿ ಹೊಟ್ಟೆ ಊದುವ ಕಾಯಿಲೆ ಬಂತು. ವೈದ್ಯರು ಪರೀಕ್ಷಿಸಿದ ಸುಮಾರು 7,200 ಜನರಲ್ಲಿ ಐದರಲ್ಲೊಬ್ಬರಿಗಿಂತ ಹೆಚ್ಚಿನವರ ಲಿವರ್ ಕೆಟ್ಟಿತ್ತು. ಮರುವರ್ಷ, 1975ರಲ್ಲಿ, ನಮ್ಮ ದೇಶದಲ್ಲೇ, ಆಗ ಮಧ್ಯಪ್ರದೇಶಕ್ಕೆ ಸೇರಿದ್ದ ಸರಗುಜಾ ಜಿಲ್ಲೆಯ ಬುಡಕಟ್ಟು ಹಳ್ಳಿಗಳಲ್ಲಿ ಹಾಗೇ ಆಯಿತು. ಅವರು ಉಣ್ಣುತ್ತಿದ್ದದ್ದು ನಮ್ಮ ಸಾಮೆಯ ಜಾತಿಯ ಸಿರಿಧಾನ್ಯ. ಅದರೊಳಗೆ ಸೆಣಬಿನ ಬಳಗದ ಕ್ರೊಟಲೇರಿಯಾ ಎಂಬ ಕಾಡುಗಿಡದ ಬೀಜ ಬೆರೆತಿತ್ತು. ಹಲವರು ಸತ್ತರು. ಕಾಳಿನ ಜೊತೆ ಕಳೆಯ ಬೀಜ ಒಕ್ಕಿ ಬಂದಾಗ ಮನುಷ್ಯನ ನಾಲಿಗೆಯೂ ಕುದುರೆಯ ನಾಲಿಗೆಯಷ್ಟೇ ಅಸಹಾಯಕ.

ಎಲ್ಲ ವಿಷಗಳೂ ಒಣಗಿದ ಮೇಲೂ ಉಳಿಯುತ್ತವೆಯೇ? ಇಲ್ಲ. ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ರ‍್ಯಾಗ್‌ವರ್ಟ್‌ಗಿಂತ ಹೆಚ್ಚಾಗಿ ಕಾಣುವ ಇನ್ನೊಂದು ಹಳದಿ ಹೂವಿದೆ, ಬಟರ್‌ಕಪ್. ಅದೂ ವಿಷದ ಗಿಡವೇ. ಹಸಿ ಎಲೆಯನ್ನು ಅಗಿದಾಗ ಹುಟ್ಟುವ ಪ್ರೋಟೊಅನೆಮೊನಿನ್ ಬಾಯನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ. ಆದರೆ ಈ ವಸ್ತು ಬಹಳ ಹೊತ್ತು ನಿಲ್ಲುವಂಥದ್ದಲ್ಲ. ಹುಲ್ಲು ಒಣಗುವಾಗ ಅದರ ಎರಡೆರಡು ಅಣುಗಳು ಜೋಡಿಯಾಗಿ ನಿರುಪದ್ರವಿ ಅನೆಮೊನಿನ್ ಆಗುತ್ತವೆ. ಆದ್ದರಿಂದ ಬಟರ್‌ಕಪ್ ತುಂಬಿದ ಒಣಹುಲ್ಲಿನ ಬಗ್ಗೆ ರೈತ ಚಿಂತಿಸಬೇಕಿಲ್ಲ. ಉತ್ತರ ಕರ್ನಾಟಕದ ಒಕ್ಕಲಿಗರಿಗೆ ಇದೇ ಬಗೆಯ ಅನುಭವ ಜೋಳದಲ್ಲಿದೆ. ಎಳೆಯ ಜೋಳದ ಪೈರಿಗೆ, ಅದರಲ್ಲೂ ಮಳೆಯಿಲ್ಲದೆ ಸೊರಗಿದ ಪೈರಿಗೆ ಅಥವಾ ಕೊಯ್ದ ಕೂಳೆಯಲ್ಲಿ ಒಡೆದ ಚಿಗುರಿಗೆ ದನ ಬಾಯಿ ಹಾಕದಂತೆ ಕಾಯುತ್ತಾರೆ. ಅದರಲ್ಲಿರುವ ಧುರಿನ್ ಎಂಬ ವಸ್ತು ಅಗಿದಾಗ ಸಯನೈಡ್ ಬಿಡುತ್ತದೆ. ದನ ನಿಂತಲ್ಲೇ ಬಿದ್ದು ಸಾಯಬಹುದು. ಅದೇ ಜೋಳ ಬಲಿತು, ಚೆನ್ನಾಗಿ ಒಣಗಿ ಕಣಿಕೆಯಾದ ಮೇಲೆ ವರ್ಷವಿಡೀ ದನದ ಮುಖ್ಯ ಮೇವು. ಒಣಗಿಸುವ ಬಿಸಿಲೇ ಇಲ್ಲಿ ಮದ್ದು.

ಇದಕ್ಕೆ ತದ್ವಿರುದ್ಧವಾಗಿ, ಒಣಗಿಸುವಾಗಲೇ ವಿಷ ಹುಟ್ಟುವುದೂ ಉಂಟು. 1920ರ ದಶಕದಲ್ಲಿ ಉತ್ತರ ಅಮೆರಿಕದ ಬಯಲುಸೀಮೆಯಲ್ಲಿ ಸ್ವೀಟ್ ಕ್ಲೋವರ್ ಎಂಬ ಒಳ್ಳೆಯ ಮೇವಿನ ಬೆಳೆಯನ್ನು ತಿಂದ ದನಗಳು ರಕ್ತ ಸುರಿದು ಸತ್ತವು. ಸರಿಯಾಗಿ ಒಣಗದ ಹುಲ್ಲಿಗೆ ಬೂಷ್ಟು ಹಿಡಿದಾಗ ಅದರಲ್ಲಿದ್ದ ಕೂಮರಿನ್, ಹೊಸದಾಗಿ ಕೊಯ್ದ ಹುಲ್ಲಿಗೆ ಆ ಸಿಹಿ ಪರಿಮಳ ಕೊಡುವ ವಸ್ತು, ಡೈಕೂಮರಾಲ್ ಆಗಿ ಮಾರ್ಪಟ್ಟು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಸಂಗಡಿಗರು ಅದನ್ನು ಬೇರ್ಪಡಿಸಿದರು. ಹೃದ್ರೋಗಿಗಳು ಇಂದು ನುಂಗುವ ವಾರ್ಫರಿನ್ ಹುಟ್ಟಿದ್ದು ಆ ಸಂಶೋಧನೆಯಿಂದ. ಕೆಟ್ಟ ಹುಲ್ಲಿನ ಮೆದೆಯಿಂದ ವೈದ್ಯಕೀಯಕ್ಕೆ ಸಿಕ್ಕ ಅತಿ ದೊಡ್ಡ ಕೊಡುಗೆ ಬಹುಶಃ ಇದೇ.

ರ‍್ಯಾಗ್‌ವರ್ಟ್‌ನ ಆಲ್ಕಲಾಯ್ಡ್ ಬಿಸಿಲಿಗೂ ಜಗ್ಗುವುದಿಲ್ಲ, ಕಾಲಕ್ಕೂ ಜಗ್ಗುವುದಿಲ್ಲ. ಮಧ್ಯ ಯೂರೋಪಿನಲ್ಲಿ ಇದರ ಜೊತೆಗಾರ ಕೋಲ್ಚಿಕಂ ಎಂಬ ಗಡ್ಡೆಗಿಡ. ಶರತ್ಕಾಲದಲ್ಲಿ ಎಲೆಯೇ ಇಲ್ಲದೆ ನಸುನೇರಳೆ ಹೂವಷ್ಟೇ ನೆಲದಿಂದ ಮೇಲೇಳುತ್ತದೆ. ಎಲೆ ಮತ್ತು ಬೀಜದ ಕಾಯಿ ಬರುವುದು ಮುಂದಿನ ವಸಂತದಲ್ಲಿ, ಹುಲ್ಲಿನ ಜೊತೆ ಜೊತೆಗೆ. ಅದರ ವಿಷ ಕೋಲ್ಚಿಸಿನ್. ನಮ್ಮ ಬೇಲಿ ಪೊದೆಗಳಲ್ಲಿ ಗೌರಿ ಹಬ್ಬದ ಸುಮಾರಿಗೆ ಬೆಂಕಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆಯಲ್ಲಿರುವುದೂ ಇದೇ ವಿಷ. ಎರಡೂ ಒಂದೇ ಕುಟುಂಬದ ಗಿಡಗಳು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಕಾಡುಹೂ ಮತ್ತು ಕೀಟಗಳ ಉಳಿವಿಗಾಗಿ ಕೆಲವು ಹುಲ್ಲುಗಾವಲುಗಳನ್ನು ತಡವಾಗಿ ಕೊಯ್ಯುತ್ತಾರೆ. ತಡವಾದಷ್ಟೂ ಕೋಲ್ಚಿಕಂ ತನ್ನ ಗಡ್ಡೆಯನ್ನು ಚೆನ್ನಾಗಿ ತುಂಬಿಕೊಂಡು ಹಬ್ಬುತ್ತದೆ. ಏಪ್ರಿಲ್ ಕೊನೆ, ಮೇ ಮೊದಲ ಭಾಗದಲ್ಲೇ ಕೆಲವು ವರ್ಷ ಸತತವಾಗಿ ಕೊಯ್ದರೆ ಅದು ಬಡವಾಗುತ್ತದೆ. ಆದರೆ ಆಗ ಕಾಪಾಡಬೇಕಿದ್ದ ಹೂಗಳಿಗೂ ಪೆಟ್ಟು. ಇಂಥ ಕಡೆ ಒಂದೇ ಒಂದು ಸರಿಯಾದ ತಾರೀಖು ಎಂಬುದಿಲ್ಲ. ಬಯಲನ್ನು ತುಂಡು ತುಂಡಾಗಿ ನೋಡಿ, ಕೋಲ್ಚಿಕಂ ಇರುವ ಮೂಲೆಯನ್ನಷ್ಟೇ ಬೇಗ ಕೊಯ್ಯುವ ತಾಳ್ಮೆ ಬೇಕು.

ರ‍್ಯಾಗ್‌ವರ್ಟ್‌ಗೆ ಹಿಂದಿರುಗಿದರೆ, ಕೀಳುವ ಕೆಲಸಕ್ಕೆ ಯಾವ ಯಂತ್ರವೂ ಮನುಷ್ಯನ ಕೈಗೆ ಸಮನಾಗಿಲ್ಲ. ಕೋಲಿನ ತುದಿಗೆ ಬಲವಾದ ಕಬ್ಬಿಣದ ಹಲ್ಲುಗಳಿರುವ ಒಂದು ಮೀಟುಗೋಲು ಅಲ್ಲಿ ಬಳಕೆಯಲ್ಲಿದೆ. ಬುಡದ ಪಕ್ಕಕ್ಕೆ ಅದನ್ನು ಚುಚ್ಚಿ ಹಿಂದಕ್ಕೆ ಒತ್ತಿದರೆ ಬೇರಿನ ಸಮೇತ ಗಿಡ ಎದ್ದು ಬರುತ್ತದೆ. ಮಳೆ ಬಂದು ನೆಲ ಮೆತ್ತಗಾದ ಮರುದಿನ ಇದಕ್ಕೆ ಒಳ್ಳೆಯದು. ಒಣನೆಲದಲ್ಲಿ ಎಳೆದರೆ ಕಾಂಡ ಕೈಗೆ ಬರುತ್ತದೆ, ಬೇರಿನ ಚೂರು ಒಳಗುಳಿಯುತ್ತದೆ, ಆ ಚೂರಿನಿಂದಲೇ ಹೊಸ ಗಿಡ. ಕಾಂಡ ಎದ್ದು ಹೂ ಅರಳುವ ಮೊದಲಿನ ದಿನಗಳೇ ಸರಿಯಾದ ಹೊತ್ತು. ಆಗ ಗಿಡ ಕಣ್ಣಿಗೂ ಕಾಣುತ್ತದೆ, ಬೀಜವೂ ಆಗಿರುವುದಿಲ್ಲ. ಕೈಗವಸು ಹಾಕಿಕೊಂಡು ಜನ ಸಾಲಾಗಿ ಬಯಲಿನುದ್ದಕ್ಕೆ ನಡೆಯುತ್ತಾರೆ. ಹೂ ಬಂದ ಮೇಲೆ ತಪ್ಪಿಸಿಕೊಂಡದ್ದನ್ನು ಹಿಡಿಯಲು ಇನ್ನೊಂದು ಸುತ್ತು ಬೇಕಾಗುತ್ತದೆ.

ಕಿತ್ತದ್ದನ್ನು ಅಲ್ಲೇ ಎಸೆದು ಹೋಗುವಂತಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಅರ್ಧ ಕೆಲಸ ಇಲ್ಲಿ ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು. ಕಿತ್ತ ಗಿಡ ಬಾಡಿದಾಗ ಕಹಿ ಕಡಿಮೆಯಾಗುತ್ತದೆ, ನಿಂತ ಗಿಡವನ್ನು ಮುಟ್ಟದ ದನ ಬಿದ್ದ ಗಿಡವನ್ನು ತಿನ್ನುತ್ತದೆ. ಜೊತೆಗೆ, ಹೂ ಬಿಟ್ಟ ಗಿಡವನ್ನು ಕಿತ್ತು ಹಾಕಿದರೂ ಕಾಂಡದಲ್ಲಿ ಉಳಿದ ಸಾರದಿಂದಲೇ ಬೀಜ ಬಲಿಯುತ್ತದೆ. ಕಿತ್ತದ್ದನ್ನೆಲ್ಲ ಚೀಲಕ್ಕೆ ತುಂಬಿ ಬಯಲಿನಿಂದ ಹೊರಗೆ ಸಾಗಿಸಿ, ಒಣಗಿಸಿ ಸುಡುವುದೋ ಮುಚ್ಚಿದ ತೊಟ್ಟಿಯಲ್ಲಿ ಕೊಳೆಸುವುದೋ ಆಗಬೇಕು. ಕಳೆನಾಶಕ ಸಿಂಪಡಿಸುವವರಿಗೂ ಇದೇ ಎಚ್ಚರಿಕೆ. 2,4-ಡಿಯಂಥ ಔಷಧಿಯನ್ನು ಎಲೆಸುತ್ತಿನ ಹಂತದಲ್ಲಿ, ವಸಂತದಲ್ಲೋ ಶರತ್ಕಾಲದಲ್ಲೋ ಹಾಕಿದರೆ ಗಿಡ ಸಾಯುತ್ತದೆ, ನಿಜ. ಆದರೆ ಸಾಯುತ್ತಿರುವ ಗಿಡ ಬಾಯಿಗೆ ಇನ್ನಷ್ಟು ಹಿತ. ಅದು ಸಂಪೂರ್ಣ ಕೊಳೆತು ಮಣ್ಣಾಗುವವರೆಗೆ ಅಲ್ಲಿ ದನ ಬಿಡಬಾರದು, ಹುಲ್ಲು ಕೊಯ್ಯಬಾರದು. ಅದಲ್ಲದೆ ಈ ಔಷಧಿ ಕ್ಲೋವರನ್ನೂ ಕಾಡುಹೂಗಳನ್ನೂ ಕೊಲ್ಲುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳು 1930ರ ದಶಕದಿಂದೀಚೆಗೆ ಹೂ ತುಂಬಿದ ಹಳೆಯ ಹುಲ್ಲುಗಾವಲುಗಳ ಶೇಕಡಾ 97ರಷ್ಟನ್ನು ಕಳೆದುಕೊಂಡಿವೆ. ಉಳಿದ ಮೂರು ಭಾಗದ ಮೇಲೆ ಕಳೆನಾಶಕ ಸಿಂಪಡಿಸುವುದನ್ನು ನಾನು ಒಪ್ಪಲಾರೆ. ಅಲ್ಲಿ ಕೈಯಿಂದಲೇ ಕೀಳಬೇಕು.

ಇಷ್ಟೆಲ್ಲ ಮಾಡಿದರೂ ಮರುವರ್ಷ ಗಿಡ ಮತ್ತೆ ಬಂದರೆ ತಪ್ಪನ್ನು ನೆಲದಲ್ಲಿ ಹುಡುಕಬೇಕು. ರ‍್ಯಾಗ್‌ವರ್ಟ್‌ನ ಬೀಜ ದಟ್ಟ ಹುಲ್ಲಿನ ನಡುವೆ ಮೊಳೆಯುವುದು ಕಷ್ಟ, ಅದಕ್ಕೆ ಬರಿ ಮಣ್ಣು ಬೇಕು. ಮಿತಿಮೀರಿ ಮೇಯಿಸಿದ ಬಯಲು, ಚಳಿಗಾಲದ ಕೆಸರಿನಲ್ಲಿ ಗೊರಸುಗಳು ತುಳಿದು ಕಿತ್ತ ಜಾಗ, ಮೊಲಗಳು ಕೆದಕಿದ ದಿಬ್ಬ, ಇವೇ ಅದರ ಮಡಿಗಳು. ಸಣ್ಣ ಜಾಗದಲ್ಲಿ ಹೆಚ್ಚು ಕುದುರೆ ಸಾಕುವವರ ಬಯಲುಗಳಲ್ಲಿ ಈ ಕಳೆ ಅಷ್ಟು ಹೆಚ್ಚಾಗಿರಲು ಕಾರಣ ಇದು. ಹುಲ್ಲು ಚೇತರಿಸಿಕೊಳ್ಳಲು ಸಮಯ ಕೊಟ್ಟು, ಬೋಳಾದ ಕಡೆ ಹುಲ್ಲಿನ ಬೀಜ ಬಿತ್ತಿದರೆ ಕೀಳುವ ಕೆಲಸ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬರುತ್ತದೆ.

ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನಿನ ಬಲವೂ ಇದೆ. 1959ರ ಕಳೆ ಕಾಯಿದೆ ಐದು ಗಿಡಗಳನ್ನು ಹಾನಿಕಾರಕವೆಂದು ಹೆಸರಿಸಿತು. ಎರಡು ಬಗೆಯ ಥಿಸಲ್ ಮುಳ್ಳುಗಿಡ, ಎರಡು ಬಗೆಯ ಡಾಕ್, ಮತ್ತು ರ‍್ಯಾಗ್‌ವರ್ಟ್. 2003ರಲ್ಲಿ ರ‍್ಯಾಗ್‌ವರ್ಟ್‌ಗೆಂದೇ ಪ್ರತ್ಯೇಕ ಕಾಯಿದೆ ಬಂತು. ಅದರ ಮೇಲೆ ರೂಪಿಸಿದ ನಿಯಮಾವಳಿ ಅಪಾಯವನ್ನು ದೂರದಿಂದ ಅಳೆಯುತ್ತದೆ. ಮೇಯಿಸುವ ಅಥವಾ ಒಣಹುಲ್ಲು ಮಾಡುವ ಬಯಲಿನಿಂದ 50 ಮೀಟರ್‌ಗಳೊಳಗೆ ಗಿಡವಿದ್ದರೆ ಅಪಾಯ ಹೆಚ್ಚು, ಕೂಡಲೇ ಕ್ರಮ ಬೇಕು, 50ರಿಂದ 100 ಮೀಟರ್ ನಡುವೆ ಮಧ್ಯಮ, ಅದರಾಚೆ ಕಡಿಮೆ. ಗಿಡವನ್ನು ದೇಶದಿಂದಲೇ ಅಳಿಸಿಹಾಕಬೇಕೆಂದು ಆ ಕಾನೂನು ಎಲ್ಲೂ ಹೇಳುವುದಿಲ್ಲ. ಆದರೆ ಜನರ ಮಾತಿನಲ್ಲಿ ಅದು ಹಾಗೆಯೇ ಹರಡಿತು. ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ಕುದುರೆಗಳು ಇದರಿಂದ ಸಾಯುತ್ತವೆ ಎಂಬ ಅಂಕಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು. ಅದರ ಮೂಲ 2002ರ ಒಂದು ಸಮೀಕ್ಷೆ: ಪತ್ರಕ್ಕೆ ಉತ್ತರಿಸಿದ ಕೆಲವೇ ಪಶುವೈದ್ಯರು ತಾವು ಶಂಕಿಸಿದ ಪ್ರಕರಣಗಳನ್ನು ತಿಳಿಸಿದ್ದರು, ಅದನ್ನು ದೇಶಕ್ಕೆಲ್ಲ ಹಿಗ್ಗಿಸಿ ಲೆಕ್ಕ ಹಾಕಲಾಗಿತ್ತು. ಉತ್ತರಿಸದವರು ಒಂದೂ ಪ್ರಕರಣ ಕಾಣದ ಕಾರಣಕ್ಕೇ ಸುಮ್ಮನಿದ್ದಿರಬಹುದಲ್ಲ? ಅಂಥ ಲೆಕ್ಕವನ್ನು ವಿಜ್ಞಾನ ಎನ್ನಲಾಗದು. ಅಪಾಯ ನಿಜವಾದದ್ದು, ಅದನ್ನು ಸಾಬೀತು ಮಾಡಲು ಉಬ್ಬಿಸಿದ ಅಂಕಿ ಬೇಕಿಲ್ಲ.

ಯಾಕೆಂದರೆ ಈ ಗಿಡದ ಇನ್ನೊಂದು ಮುಖವೂ ಅಷ್ಟೇ ನಿಜ. ರ‍್ಯಾಗ್‌ವರ್ಟ್ ಬ್ರಿಟನ್ನಿನ ಸ್ವಂತ ಗಿಡ. ಐಲ್ ಆಫ್ ಮ್ಯಾನ್ ದ್ವೀಪದವರಿಗೆ ಅದು ರಾಷ್ಟ್ರೀಯ ಪುಷ್ಪ. ಸುಮಾರು ಮೂವತ್ತು ಜಾತಿಯ ಕೀಟಗಳಿಗೆ ಅದರ ಹೊರತು ಬೇರೆ ಆಹಾರವಿಲ್ಲ, ಅಥವಾ ಇಲ್ಲವೆನ್ನುವಷ್ಟು ಕಡಿಮೆ. ಅವುಗಳಲ್ಲಿ ಹೆಸರಾದದ್ದು ಸಿನಬಾರ್ ಪತಂಗ. ಹಳದಿ ಕಪ್ಪು ಪಟ್ಟೆಗಳ ಅದರ ಹುಳುಗಳು ಗುಂಪುಗುಂಪಾಗಿ ಗಿಡವನ್ನು ಬೋಳಿಸುತ್ತವೆ. ಕುದುರೆಯನ್ನು ಕೊಲ್ಲುವ ಆಲ್ಕಲಾಯ್ಡ್ ಅವಕ್ಕೆ ಏನೂ ಮಾಡುವುದಿಲ್ಲ. ಬದಲಿಗೆ ಅವು ಅದನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ, ಹಕ್ಕಿಗಳು ಅವುಗಳ ತಂಟೆಗೆ ಹೋಗುವುದಿಲ್ಲ. 1968ರಲ್ಲಿ ಮಿರಿಯಂ ರಾತ್ಸ್‌ಚೈಲ್ಡ್ ಮತ್ತು ಸಂಗಡಿಗರು ಪತಂಗದ ದೇಹದೊಳಗೇ ಈ ವಿಷವನ್ನು ಗುರುತಿಸಿ ಇದನ್ನು ತೋರಿಸಿದರು. ಇದೇ ಗುಂಪಿನ ರಾಸಾಯನಿಕಕ್ಕಾಗಿ ನಮ್ಮ ಪಶ್ಚಿಮ ಘಟ್ಟಗಳಲ್ಲಿ ಬ್ಲೂ ಟೈಗರ್ ಚಿಟ್ಟೆಗಳು ಒಣಗಿದ ಕ್ರೊಟಲೇರಿಯಾ, ಹೀಲಿಯೊಟ್ರೋಪಿಯಂ ಗಿಡಗಳಿಗೆ ಮುತ್ತುವುದನ್ನು ಕಾಣಬಹುದು. ಗಂಡು ಚಿಟ್ಟೆಗಳು ಅದನ್ನು ಹೀರಿ ಹೆಣ್ಣನ್ನು ಸೆಳೆಯುವ ಗಂಧ ಮಾಡಿಕೊಳ್ಳುತ್ತವೆ.

ಬ್ರಿಟನ್ನಿನಿಂದ ಹೊರಗೆ, ಈ ಗಿಡ ಪರದೇಶಿಯಾಗಿ ಹೋಗಿ ಹಬ್ಬಿದ ಕಡೆ, ಇದೇ ಕೀಟಗಳು ರೈತನ ಕೆಲಸಕ್ಕೆ ಬಂದಿವೆ. ಅಮೆರಿಕದ ಪಶ್ಚಿಮ ಕರಾವಳಿಗೆ ಮೊದಲು ಸಿನಬಾರ್ ಪತಂಗವನ್ನು ತಂದರು. 1959ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಮರುವರ್ಷ ಆರೆಗನ್‌ನಲ್ಲಿ. ಪತಂಗವೊಂದರಿಂದ ಕೆಲಸ ಪೂರ್ತಿಯಾಗಲಿಲ್ಲ. ಬೇರನ್ನು ತಿನ್ನುವ ಚಿಕ್ಕ ಜೀರುಂಡೆಯೊಂದನ್ನೂ ಬಿಟ್ಟ ಮೇಲೆ ಆರೆಗನ್‌ನ ಬಯಲುಗಳಲ್ಲಿ ಗಿಡ ಗಣನೀಯವಾಗಿ ಇಳಿಯಿತು. ಅಲ್ಲಿನ ಪೀಟರ್ ಮೆಕ್ಇವಾಯ್ ಇದನ್ನು ವರ್ಷಗಟ್ಟಲೆ ಅಳೆದು ದಾಖಲಿಸಿದ್ದಾರೆ. ಬೆಂಗಳೂರಿನಲ್ಲಿ 1984ರಲ್ಲಿ ಪಾರ್ಥೇನಿಯಂ ತಿನ್ನಲೆಂದು ಮೆಕ್ಸಿಕೋದ ಜೀರುಂಡೆಯನ್ನು ಬಿಟ್ಟದ್ದೂ ಇದೇ ವಿಚಾರದ ಮೇಲೆ. ಆದರೆ ಒಣಹುಲ್ಲಿಗೆ ಬಿಟ್ಟ ಬಯಲಿನಲ್ಲಿ ಕೀಟವನ್ನು ಮಾತ್ರ ನಂಬಿ ಕೂರಲಾಗದು. ಕೀಟ ಗಿಡದ ಸಂಖ್ಯೆಯನ್ನು ಇಳಿಸುತ್ತದೆ, ಸೊನ್ನೆಗೆ ತರುವುದಿಲ್ಲ. ಮೆದೆಗೆ ಬರುವ ಹುಲ್ಲಿನಲ್ಲಿ ಈ ಗಿಡ ಇರಲೇಬಾರದು.

ಹಾಗಾಗಿ ಗೆರೆ ಎಲ್ಲಿ ಎಳೆಯಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ರಸ್ತೆ ಬದಿಯಲ್ಲಿ, ಪಾಳು ನೆಲದಲ್ಲಿ, ಮರಳುದಿಬ್ಬದಲ್ಲಿ ಮೇವಿನ ನೆಲದಿಂದ ದೂರವಿರುವ ರ‍್ಯಾಗ್‌ವರ್ಟ್ ಪತಂಗಕ್ಕೂ ಜೇನಿಗೂ ಇರಲಿ. ಕೊಯ್ಲಿನ ಬಯಲಿನಲ್ಲಿ ಮತ್ತು ಅದರ ಅಂಚಿನಲ್ಲಿ ಒಂದೂ ಬೇಡ. ಕೀಳಲು ಆಗದಷ್ಟು ಹಬ್ಬಿದ್ದರೆ ಆ ವರ್ಷ ಅಲ್ಲಿ ಒಣಹುಲ್ಲು ಮಾಡದೆ ಬಿಡುವುದೇ ಸರಿ. ನಷ್ಟವಾದರೂ ಅದು ಒಂದು ಋತುವಿನ ನಷ್ಟ ಮಾತ್ರ.

ನಮ್ಮ ರೈತರಿಗೂ ಒಂದು ಮಾತು. ರ‍್ಯಾಗ್‌ವರ್ಟ್ ಇಲ್ಲಿಲ್ಲ, ಲಂಟಾನ ಇದೆ. ಅದರ ಎಲೆಯ ಲ್ಯಾಂಟಡೀನ್ ಕೂಡ ಲಿವರನ್ನು ಕೆಡಿಸುತ್ತದೆ, ಬಿಸಿಲಿಗೆ ಚರ್ಮ ಸುಡುವ ಅದೇ ಲಕ್ಷಣ ತೋರಿಸುತ್ತದೆ, ಒಣಗಿದರೂ ವಿಷವಾಗಿಯೇ ಉಳಿಯುತ್ತದೆ. ಬರಗಾಲದಲ್ಲಿ ಬೇಲಿ ಬದುಗಳ ಹುಲ್ಲನ್ನು ಅವಸರದಲ್ಲಿ ಕೊಯ್ದು ಹೊರೆ ಕಟ್ಟುವಾಗ ಅದರ ಕೊಂಬೆ ಎಲೆಗಳು ನಡುವೆ ಸೇರಿಕೊಳ್ಳುತ್ತವೆ, ಹಸಿದ ದನ ಆರಿಸಿ ತಿನ್ನುವ ಸ್ಥಿತಿಯಲ್ಲಿರುವುದಿಲ್ಲ. ಕುಡುಗೋಲು ಹಾಕುವ ಮೊದಲು ಬದುವಿನುದ್ದಕ್ಕೆ ಒಮ್ಮೆ ನಡೆದು ನೋಡಿ. ಕೊಂಡು ತಂದ ಹೊರೆಯಾದರೆ ದನದ ಮುಂದೆ ಹಾಕುವ ಮುಂಚೆ ಬಿಚ್ಚಿ ಹರವಿ ನೋಡಿ. ಮೇವು ತಿಂದ ದನದ ಮೂತಿ, ಕಿವಿಗಳ ಚರ್ಮ ಬಿರಿಯುವುದು ಕಂಡರೆ ಅದನ್ನು ನೆರಳಿಗೆ ಕಟ್ಟಿ, ಆ ಮೇವನ್ನು ನಿಲ್ಲಿಸಿ, ಅದರ ಒಂದು ಹಿಡಿಯನ್ನು ಜೊತೆಗೆ ಹಿಡಿದುಕೊಂಡು ಪಶುವೈದ್ಯರ ಬಳಿ ಹೋಗಿ.